ಅಂಚಿಗೆ ಸರಿದ ತೂತುಗಳು

ನಂಗವಳ್ಳಿ
೧೪ ಆಗಸ್ಟ್ ೨೦೨೪

ವಾಣಿಯ ಅಪ್ಪನಿಗೆ,

ಫೋನಿನಲ್ಲಿ ವಿಮಾನದ ಮಾತೆತ್ತಿದರೆ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಶಂಕಗಿರಿಯ ಲಾರಿ ಶೆಡ್ಡಿನಲ್ಲಿ ಊಟ ಸರಿಯಾಗಿ ಮಾಡುತ್ತೀರೋ ಇಲ್ಲವೋ. ನಾನಂತೂ ಮಾಡುತ್ತಿಲ್ಲ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಮೇಲೆ ಕೋಪ ಇಲ್ಲ ಅಂದುಕೊಳ್ಳಬೇಡಿ. ಇದೆ. ಮಗಳು ಜ್ವರದಲ್ಲಿ ಹೋದಳು, ಅವಳ ಕಾರ್ಯ ಮುಗಿದು ಸ್ವಲ್ಪ ದಿನಕ್ಕೇ ನೀವೂ ಮನೆ ಬಿಟ್ಟಿರಿ. ಅದೂ ನಿಮ್ಮ ಗೆಳೆಯ ಪ್ರಭಾಕರ್ ಅಣ್ಣ ಒಂದು ನಿಜ ಹೇಳಿದ್ದಕ್ಕೆ. ಅಪ್ಪ ಮಗಳು ಹಿತ್ತಲಲ್ಲಿ ಕಟ್ಟುತ್ತಿದ್ದ, ಕೂತು ಹಾರುವ ಪುಟ್ಟ ವಿಮಾನ ನೋಡಿ ಅವರು, ಬಾಲದ ಚುಕ್ಕಾಣಿಯ ಕೀಲಿಗೆ ವಾಣಿ ಕೊರೆದ ತೂತುಗಳು ತಗಡಿನ ಅಂಚಿಗೆ ತೀರಾ ಹತ್ತಿರ ಬಂದಿವೆ, ಹಾರುವಾಗ ಸೀಳಿದರೆ ಚುಕ್ಕಾಣಿಯೇ ಕಳಚುತ್ತದೆ, ಬೇರೆಯದು ಮಾಡಿ ಎಂದರು. "ಅದು ನನ್ ಮಗಳ ಕೈಕೆಲ್ಸ, ಯಾರೂ ಮುಟ್ಟಂಗಿಲ್ಲ" ಎಂದು ಕೂಗಾಡಿದಿರಿ. ಅದನ್ನೇ ಹಾಕಿಕೊಂಡು ಹಾರುತ್ತೇನೆ ಎಂದೂ ಹೇಳಿದಿರಿ. ನೀವು ಸಾಯಲಿಕ್ಕೇ ಹಾರುತ್ತೀರಿ ಎಂದು ನನಗೆ ಅಂದೇ ಗೊತ್ತಾಯಿತು. ಆಮೇಲೆ ನನಗೆ ನಿದ್ದೆಯಿಲ್ಲ.

ಹೊಸ ಚುಕ್ಕಾಣಿ ಮಾಡಿದ್ದೇನೆ. ನಗಬೇಡಿ. ತಗಡು ಬಗ್ಗಿಸಿಕೊಟ್ಟಿದ್ದು ಪ್ರಭಾಕರ್ ಅಣ್ಣ, ಅದನ್ನು ಬಾಲಕ್ಕೆ ಸೇರಿಸುವ ಕೀಲುಪಟ್ಟಿ ಕೂರಿಸಿದ್ದು ನಾನು. ಸೇಲಂ ನೇಕಾರರ ಮನೆಯವಳಲ್ಲವೇ, ಮಗ್ಗದ ಬುದ್ಧಿಯಲ್ಲಿ ಒಂದು ತುದಿಯಿಂದ ಸಾಲಾಗಿ ಕೊರೆಯುತ್ತಾ ಹೋದೆ. ಇನ್ನೊಂದು ತುದಿಗೆ ಬರುವಷ್ಟರಲ್ಲಿ ಪಟ್ಟಿ ಗೆರೆ ಬಿಟ್ಟು ಓರೆಯಾಗಿತ್ತು. ಆ ಪಟ್ಟಿ ಹಾಳು. ಮತ್ತೆ ಹೊಸದು ತಂದು, ಎರಡೂ ತುದಿ ಮೊದಲು ಕೊರೆದು, ಪಿನ್ ಹಾಕಿ ಬಿಗಿದು, ನಡುವಿನವನ್ನು ಆಮೇಲೆ ಕೊರೆದೆ. ತೂತಿನ ಬಾಯಲ್ಲಿ ಎದ್ದ ಚೂಪನ್ನೆಲ್ಲ ಕೆರೆದು, ರಿವೆಟ್ ಬಡಿದು ಕೂರಿಸಿ, ಕೀಲಿನೊಳಗೆ ತಂತಿ ತೂರಿಸಿದೆ. ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತದೆ. ಅದು ತಿರುಗಿದ್ದು ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ವಾಣಿ ಇದ್ದಿದ್ದರೆ, "ಏನಮ್ಮಾ, ಸೀರೆ ನೇಯ್ದಂಗೆ ಕೊರೀತೀಯಾ" ಎಂದು ನಗುತ್ತಿದ್ದಳು.

ಬನ್ನಿ. ಬಂದು ನನ್ನ ಕೆಲಸದಲ್ಲಿ ತಪ್ಪು ಹುಡುಕಿ, ಬೈಯಿರಿ. ಹಾರಲೇಬೇಕೆಂದರೆ ಹಾರಿ. ಆದರೆ ಇಳಿದು ಮನೆಗೆ ಬರಬೇಕು. ಒಬ್ಬರನ್ನು ಕಳಿಸಿಕೊಟ್ಟೆ, ಇನ್ನೊಬ್ಬರನ್ನು ಕಳಿಸಲು ನನ್ನಿಂದ ಆಗುವುದಿಲ್ಲ.

ದಾರಿ ನೋಡುತ್ತಿರುವ,
ಇಂದುಜಾ

ತಾ.ಕ.: ಕೆಟ್ಟ ಭಾಗವನ್ನು ಯಾರೂ ತಿಳಿಯದೆ ಮತ್ತೆ ಹಾಕಬಾರದೆಂದು ಕತ್ತರಿಸಿಯೇ ಬಿಸಾಡಬೇಕಂತೆ. ಪ್ರಭಾಕರ್ ಅಣ್ಣ ತಾವೇ ಕತ್ತರಿಸುತ್ತೇನೆಂದರು, ನಾನು ಕೊಡಲಿಲ್ಲ. ವಾಣಿ ಕೊರೆದದ್ದನ್ನು ನಾನೇ ಕತ್ತರಿಸಿದೆ. ಬಂದಾಗ ಹುಡುಕಬೇಡಿ. ಆ ಕೆಲಸ ನಿಮ್ಮ ಕೈಯಲ್ಲಿ ಆಗಬಾರದು ಅನ್ನಿಸಿತು.