ಬೀಗ ತೆಗೆಸಿದ ಲೇಖನ

ತಂಗೀ, ಈ ತಿಂಗಳು ನಾನು ಬರುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಲ್ಲಬೇಡ.

ಮೊಮ್ಮಗಳು ನಾಲ್ಕು ವರ್ಷ ಕೋಳಿ ರೋಗದ ಮೇಲೆ ಮಾಡಿದ ಸಂಶೋಧನೆಯ ಲೇಖನವನ್ನು ದೊಡ್ಡ ವಿಜ್ಞಾನ ಪತ್ರಿಕೆಯೊಂದು ಹಾಕಲು ಒಪ್ಪಿದೆ. ಕಾಗದವಿಲ್ಲ, ಶಾಯಿಯಿಲ್ಲ, ಎಲ್ಲ ಇಂಟರ್ನೆಟ್ಟಿನಲ್ಲೇ. ಆದರೂ ಬರೆದವಳೇ ದುಡ್ಡು ಕಟ್ಟಬೇಕಂತೆ. "ಅಡುಗೆ ಮಾಡಿದವಳೇ ಊಟಕ್ಕೂ ಕಾಸು ಕೊಡೋದೇನೇ?" ಎಂದೆ.

"ಕಟ್ಟದಿದ್ರೂ ಹಾಕ್ತಾರೆ ಅಜ್ಜಿ, ಆದ್ರೆ ಬೀಗ ಜಡಿದು ಇಡ್ತಾರೆ. ಆಮೇಲೆ ಓದೋರೆಲ್ಲ ಕಾಸು ಕೊಡ್ಬೇಕು. ಮೊದಲು ಓದೋರ ಪರವಾಗಿ ಲೈಬ್ರರಿಗಳು ಆ ಕಾಸು ಕೊಡ್ತಿದ್ವು."

"ಹಾಗಾದ್ರೆ ನಿನ್ನ ಚಿಕ್ಕಜ್ಜಿ ಹೆಂಗೆ ಓದಿಸ್ಕೋತಾಳೆ?" ಎಂದೆ. ದುಡ್ಡು ಕಟ್ಟೋಣವೆಂದರೆ ಮೊಮ್ಮಗಳ ಕೈ ಖಾಲಿ.

ಆ ರೋಗಕ್ಕೆ ನಿನ್ನ ಗೂಡಿನ ಕೋಳಿಗಳೆಲ್ಲ ಸತ್ತಾಗ ನೀನು ಮೂರು ದಿನ ಒಲೆ ಹಚ್ಚಲಿಲ್ಲ, ನಾನು ಮರೆತಿಲ್ಲ. ನನ್ನ ವಿಮಾನದ ಟಿಕೆಟ್ಟು ವಾಪಸು ಮಾಡಿಸಿ, ಆ ದುಡ್ಡು ಕಟ್ಟಿ ಬೀಗ ತೆಗೆಸಿದೆ.

ಮಂಡಿ ನೋವು ಪರವಾಗಿಲ್ಲ. ಇಲ್ಲಿ ಬೆಳಗಾದರೆ ಕೋಳಿಯೂ ಕೂಗುವುದಿಲ್ಲ, ನಿನ್ನ ಬೈಗುಳವೂ ಕೇಳುವುದಿಲ್ಲ; ಯಾಕೆ ಏಳಬೇಕೆಂದೇ ತಿಳಿಯುವುದಿಲ್ಲ. ಪಶುವೈದ್ಯರ ಫೋನಿನಲ್ಲಿ ಲೇಖನ ತೆಗೆಸಿ ಓದಿಸಿಕೋ. ಯಾರಾದರೂ ಕಾಸು ಕೇಳಿದರೆ ಬಿಚ್ಚಬೇಡ. ನಾನು ನಿನ್ನ ಹತ್ತಿರ ಬರುವ ದಾರಿಖರ್ಚೇ ಅದಕ್ಕೆ ಹೋಗಿದೆ.

ಕಾರ್ಡಿನಲ್ಲಿ ಜಾಗವಿಲ್ಲ.
ನಿನ್ನ ಅಕ್ಕ