ತಿರುವಿನಲ್ಲಿ ಕೆಂಪಾದ ನೀರು

ಕಳಸ,
೧೪ ಡಿಸೆಂಬರ್

ಮುದ್ದಿನ ಮೊಮ್ಮಗಳು ನಾಗಶ್ರೀಗೆ ಅಜ್ಜ ಏಕಾಂತಪ್ಪನ ತುಂಬು ಆಶೀರ್ವಾದ.

ಹೇಗಿದ್ದೀಯಮ್ಮಾ? ಕಾನ್ಪುರದ ಚಳಿಗೆ ಕೆಮ್ಮು ಬಂದಿಲ್ಲ ತಾನೆ? ಅಜ್ಜಿ ಕಳಿಸಿದ ಕಷಾಯದ ಪುಡಿಯನ್ನು ಕುದಿಸಿ ನೀನೂ ಕುಡಿ, ಗೆಳತಿಯರಿಗೇ ಹಂಚಿ ಮುಗಿಸಬೇಡ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಕಾಫಿ ಕೊಯ್ಲು ಜೋರಾಗಿದೆ.

ನಮ್ಮ ಪಂಥ ನೆನಪಿದೆಯಲ್ಲ? ಬಾಗಿದ ಕಾಲುವೆಯಲ್ಲಿ ಅಕ್ಕಪಕ್ಕ ಹರಿಯುವ ಎರಡು ನೀರು ಚೆನ್ನಾಗಿ ಬೆರೆಯಬೇಕಾದರೆ ಜೋರಿನ ನೀರು ತಿರುವಿನ ಒಳಮಗ್ಗುಲಲ್ಲಿರಬೇಕು, ಹೊರಗಿದ್ದರೆ ಬೆರೆಯುವುದು ಕಷ್ಟ ಎಂದೆ ನೀನು. ನೀರಿಗೆ ಎಂಥ ಒಳಗೆ ಹೊರಗೆ ಮಾರಾಯ್ತಿ ಎಂದೆ ನಾನು. ನಿನ್ನ ಮಾತು ಸುಳ್ಳಾದರೆ ಸಂಶೋಧನೆ ಬಿಟ್ಟು ಬಂದು ತೋಟ ನೋಡಿಕೊಳ್ಳಬೇಕು ಅಂತ ಒಪ್ಪಿಸಿಯೂ ಬಿಟ್ಟಿದ್ದೆ.

ನಿನ್ನೆ ಕಾಫಿ ತೊಳೆಯುವ ಕಾಲುವೆಯನ್ನೇ ಹಿಡಿದೆ. ನೀರಿಗೆ ಬಣ್ಣ ಯಾವುದು ಹಾಕಲಿ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜಿ ಆರತಿಗೆ ಅರಿಶಿನ ಸುಣ್ಣ ಕಲಸುತ್ತಿದ್ದಳು. ಅವೆರಡೂ ಸೇರಿದಲ್ಲಿ ಮಾತ್ರ ಕೆಂಪು! ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಎರಡು ಡ್ರಮ್ಮಿನಲ್ಲಿ ಬೇರೆಬೇರೆಯಾಗಿ ಕಲಸಿ, ಕಾಲುವೆಯ ತಿರುವಿಗೆ ಪೈಪು ಎಳೆದೆ. ಅರಿಶಿನದ ಡ್ರಮ್ಮು ಎತ್ತರದಲ್ಲಿ, ಅದರ ನೀರು ಜೋರು. ಸುಣ್ಣದ್ದು ತಗ್ಗಿನಲ್ಲಿ, ನಿಧಾನ. ಮೊದಲು ಅರಿಶಿನವನ್ನು ಹೊರಮಗ್ಗುಲಿಗೆ ಬಿಟ್ಟೆ. ತಿರುವು ಮುಗಿದರೂ ನಡುವೆ ಕೆಂಪು ಗೆರೆಯೊಂದು, ಅಷ್ಟೆ. ಮೊಮ್ಮಗಳು ಸೋತಳು ಅಂತ ಕುಣಿದೆ. “ಸುಮ್ನಿರ್ರೀ, ಹೊರಗಿದ್ರೆ ಬೆರೆಯಲ್ಲ ಅಂತಾನೇ ಅಲ್ವಾ ಅವಳು ಹೇಳಿದ್ದು?” ಅಂದಳು ನಿನ್ನಜ್ಜಿ. ಗೆಲ್ಲುವ ಆತುರದಲ್ಲಿ ಅರ್ಧ ಮಾತು ನುಂಗಿಬಿಟ್ಟಿದ್ದೆ ನೋಡು. ಪೈಪು ಅದಲುಬದಲು ಮಾಡಿದೆ. ಅಬ್ಬಾ! ಅರಿಶಿನ ಸುತ್ತಿ ಸುತ್ತಿ ಸುಣ್ಣದೊಳಗೆ ನುಗ್ಗಿತು, ತಿರುವು ದಾಟುವಷ್ಟರಲ್ಲಿ ಇಡೀ ಕಾಲುವೆ ಕೆಂಪು. ಘಾಟಿ ತಿರುವಿನಲ್ಲಿ ಜೀಪಿನ ಒಳತುದಿಗೆ ಕೂತವನು ಎಲ್ಲರ ಮೇಲೆ ಬೀಳುತ್ತಾನಲ್ಲ, ಹಾಗೆ. ಈ ವಯಸ್ಸಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ ಕಣೇ. ನನ್ನ ಮೊಮ್ಮಗಳು ಇಂಥದ್ದನ್ನು ಓದುತ್ತಾಳೆ ಅಂತ ಎದೆ ತುಂಬಿ ಬಂತು.

ಕಾಲುವೆ ತೊಳೆಯುವುದು ಮಾತ್ರ ಮರೆತೇಹೋಯಿತು. ಸುಣ್ಣ ಹರಿದುಹೋಗಿ ತಳದಲ್ಲಿ ಅರಿಶಿನ ಉಳಿದಿತ್ತು, ಬೆಳಿಗ್ಗೆ ತೊಳೆದ ಕಾಫಿಯೆಲ್ಲ ಹಳದಿ. “ಅಯ್ಯಾ, ಕಾಫಿಗೆ ಅರಿಶಿನ ಶಾಸ್ತ್ರ ಮಾಡ್ಸಿದ್ರಾ?” ಅಂತ ಮೇಸ್ತ್ರಿ ಉಮೇಶ ಕೇಳಿದ. ಅಜ್ಜಿ ಇನ್ನೂ ನಗುತ್ತಿದ್ದಾಳೆ.

ಆರೋಗ್ಯ ನೋಡಿಕೋ. ದೇವರು ಒಳ್ಳೆಯದು ಮಾಡಲಿ.

ನಿನ್ನ ಪ್ರೀತಿಯ,
ಅಜ್ಜ

ತಾ.ಕ.: ಅಂಚೆಗೆ ಹಾಕಲು ಜೀಪು ಹೊರಟಿದೆ, ಬೇಗ ಬರೆಯುತ್ತೇನೆ. ಓದು ಮುಗಿಯುವವರೆಗೆ ತೋಟಕ್ಕೆ ಬಾ ಅಂತ ನಿನ್ನನ್ನು ಯಾರೂ ಕರೆಯಕೂಡದು ಅಂತ ನಿಮ್ಮಪ್ಪನಿಗೆ ಹೇಳಿದ್ದೇನೆ. ಸಂಕ್ರಾಂತಿಗೆ ಮಾತ್ರ ಬಾ. ನಿನ್ನ ಆರತಿಯ ನೀರನ್ನು ಕಾಲುವೆಯಲ್ಲೇ ಬೆರೆಸುತ್ತೇನೆ, ಅರಿಶಿನ ಒಳಮಗ್ಗುಲಿಗೆ.