ಆಪರೇಷನ್ನಿಗೆ ಮುಂಚಿನ ಧ್ವನಿ

ಚಿನಕುರಳಿ,
ಭಾನುವಾರ

ಪ್ರೀತಿಯ ಮಹದೇವಸ್ವಾಮಿ,

ಗಂಟಲಿನ ಆಪರೇಷನ್ ಆಗಿ ತಿಂಗಳಾಯಿತು. ಗಾಯ ಮಾಗಿದೆ, ಗಂಜಿ ಸೇರುತ್ತಿದೆ. ಡಾಕ್ಟರು ಮೊದಲೇ ಹೇಳಿದ್ದಂತೆ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದಾರೆ. ಫೋನಿನಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಸೇರುವ ಹಿಂದಿನ ವಾರ ನೀನು ಪಾಂಡವಪುರದ ನಿನ್ನ ರಿಪೇರಿ ಅಂಗಡಿಗೆ ಬೀಗ ಹಾಕಿ ನಮ್ಮ ಮನೆಗೆ ಬಂದೆ. ಧ್ವನಿ ಹೋಗುವ ಮುಂಚೆ ಹಿಡಿದಿಡೋಣವೆಂದರೆ, ನಮ್ಮ ಹಳೇ ಕಂಪ್ಯೂಟರಿನಲ್ಲಿ ನನ್ನ ಮಾತಿಗಿಂತ ಗುಂಯ್ ಎನ್ನುವ ಸದ್ದೇ ಹೆಚ್ಚು ರೆಕಾರ್ಡ್ ಆಗುತ್ತಿತ್ತು. ನೀನು ಸಿಪಿಯು ಬಿಚ್ಚಿ, ಧೂಳು ಊದಿ, ಸೌಂಡ್ ಕಾರ್ಡನ್ನು ಒಳಗೆ ಒತ್ತಿ ಕೂರಿಸಿ, ಮೈಕಿನ ವೈರನ್ನು ಅದಕ್ಕೆ ಸಿಕ್ಕಿಸಿದೆ.

"ಈಗ ಮಾತಾಡಿ ಅಣ್ಣ" ಎಂದೆ ನೀನು. ಏನು ಮಾತಾಡಲಿ ಎಂದು ನಾನು ಕೇಳಿದೆ.

"ಕಂಡಕ್ಟರ್ ಆಗಿದ್ದಾಗ ಬಸ್ಸಲ್ಲಿ ಕೂಗ್ತಿದ್ರಲ್ಲ, ಅಂಗೇ ಕೂಗಿ."

ನಾನು ಕೆ.ಆರ್. ಪೇಟೆಯವರೆಗಿನ ಸ್ಟಾಪುಗಳನ್ನೆಲ್ಲ ಕೂಗಿದೆ. ಆಮೇಲೆ ಮಾತು ತಾನಾಗಿ ಬಂತು.

ನಿನ್ನೆ ಮೊದಲ ಸಲ ಆ ರೆಕಾರ್ಡಿಂಗನ್ನು ಹಾಕಿದೆ. ಗುಂಯ್ ಸದ್ದಿಲ್ಲ, ನನ್ನ ಉಸಿರೂ ಕೇಳುತ್ತದೆ. "ಪಾರ್ವತೀ, ಎಲ್ಲಿದ್ದೀಯೆ?" ಎಂದು ನನ್ನ ಧ್ವನಿ ಕರೆಯಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ, "ಬಂದೆ ಇರಿ, ಅದ್ಯಾಕಂಗೆ ಕೂಗ್ತೀರಿ" ಎನ್ನುತ್ತ ಒದ್ದೆ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ನನ್ನ ಮುಚ್ಚಿದ ಬಾಯಿ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು, "ಇನ್ನೊಂದ್ ಸಲ ಹಾಕಿ" ಎಂದಳು.

ನಿನಗೆ ಬಿಡುವಾದಾಗ ಬಾ. ಅವಳ ಮಾತನ್ನೂ ಒಂದಷ್ಟು ರೆಕಾರ್ಡ್ ಮಾಡಿಕೊಡು. ನಾಚಿಕೆ ಎನ್ನುತ್ತಾಳೆ, ನೀನು ಹೇಳಿದರೆ ಕೇಳುತ್ತಾಳೆ. ಈಗ ಅದರಲ್ಲಿ ಕೂಗುವವನೊಬ್ಬನೇ ಇದ್ದಾನೆ. ಓಗೊಡುವವಳೂ ಇರಲಿ.

ನಿನ್ನ ಉಪಕಾರ ನೆನೆಯುವ,
ಚಲುವಯ್ಯ